ಎಲ್ಲಾ ಒಂದೇ ಕಂಪ್ನಿ

ಎಣ್ಣೆ ಹಚ್ಚುವಾಗ ಅತ್ತೆ ಏನೂ ಅನ್ನಲಿಲ್ಲ. ಅಂಗೈಗೆ ಸುರಿದುಕೊಂಡ ಎಣ್ಣೆಯನ್ನು ನೆತ್ತಿಗೆ ಒತ್ತಿ, ಕಿವಿಗಳ ಹಿಂದಕ್ಕೆ ಎಳೆದು, ತೆಳ್ಳಗಾಗಿ ಹೋದ ಬಿಳಿ ಕೂದಲನ್ನು ಬಾಚಿ ಗಂಟು ಹಾಕುವವರೆಗೂ ರಾಧಾಮಣಿ ಒಂದು ಬೈಗುಳಕ್ಕಾಗಿ ಕಾದಳು. ಬರಲಿಲ್ಲ. ಹೋದ ವರ್ಷವಾಗಿದ್ದರೆ ಎಣ್ಣೆ ತಲೆಗೆ ಸೋಕುವ ಮುಂಚೆಯೇ ಸೊಣ್ಣಮ್ಮ ಮೂಗರಳಿಸಿ, "ಯಾರ ಮನೆ ಎಣ್ಣೆನಮ್ಮಿ ಇದು? ನಂದಲ್ಲ, ತಗಿ ಅತ್ಲಾಗೆ," ಎಂದು ಕೈ ತಳ್ಳುತ್ತಿದ್ದಳು. ಇವತ್ತು ಉಣ್ಣೆ ಕತ್ತರಿಸಲು ಹಿಡಿದ ಕುರಿಯ ಹಾಗೆ ಕತ್ತು ಬಗ್ಗಿಸಿ ಕೂತಿದ್ದಾಳೆ. ಬಗ್ಗಿದ ಕತ್ತಿನ ಹಿಂದೆ, ಕುಪ್ಪಸದ ಅಂಚಿನ ಮೇಲೆ, ಎಲುಬೊಂದು ಗೋಲಿಯಂತೆ ಎದ್ದಿತ್ತು. ರಾಧಾಮಣಿ ಅದರ ಮೇಲೆ ಬೆರಳಿಟ್ಟು, ಬಿಸಿ ತಾಗಿದವಳಂತೆ ತೆಗೆದಳು.

"ಎಣ್ಣೆ ಜಾಸ್ತಿ ಆಯ್ತಾ ಅತ್ತೆ?"

"ನೀನು ಆಕಿದ್ಮ್ಯಾಲೆ ಸರಿಯಾಗೇ ಇರ್ತೈತೆ ಬಿಡವ್ವ."

ಈ ಮಾತಿಗಿಂತ ಬೈಗುಳವೇ ವಾಸಿಯಾಗಿತ್ತು. ಹೆಬ್ಬಾಳದಲ್ಲಿ ಮರೆವಿನ ಕಾಯಿಲೆ ನೋಡುವ ಡಾಕ್ಟರು ಇದ್ದಾರೆಂದು ಯಾರೋ ಅಂಗಡಿಯವರು ರಾಧಾಮಣಿಯ ಗಂಡ ರಘುನಾಥನಿಗೆ ಹೇಳಿದ್ದರು. ಅವನು ಒಂದು ವಾರದಿಂದ ಆ ಡಾಕ್ಟರ ಹೆಸರನ್ನೇ ಜಪ ಮಾಡಿ ಇವತ್ತಿಗೆ ಅಪಾಯಿಂಟ್‌ಮೆಂಟು ತೆಗೆದುಕೊಂಡಿದ್ದಾನೆ. ಡಾಕ್ಟರು ಹೌದು ಅಂದುಬಿಟ್ಟರೆ ಏನೇನು ಮಾಡಬೇಕೆಂದು ಅವನು ಆಗಲೇ ತೀರ್ಮಾನಿಸಿ ಆಗಿದೆ. ಅವ್ವನನ್ನು ಒಲೆಯ ಹತ್ತಿರ ಬಿಡುವಂತಿಲ್ಲ. ಗೇಟಿಗೆ ಒಳಗಿನಿಂದ ಬೀಗ. ಬಸವಣ್ಣನ ಗುಡಿಯ ಕಟ್ಟೆಗೆ ಒಬ್ಬಳೇ ಹೋಗಿ ಕೂರುವುದು ಬಂದ್. ಹಗಲು ನೋಡಿಕೊಳ್ಳಲು ಒಬ್ಬ ಹೆಂಗಸು. ತಮ್ಮ ಈ ಸಿಂಗಾಪುರ ಲೇಔಟಾಗದೆ ಇನ್ನೂ ಹಳ್ಳಿಯಾಗಿದ್ದಾಗ, ಕೆರೆಯ ಏರಿಯ ಮೇಲೆ ಒಬ್ಬಳೇ ರಾಗಿ ಮೂಟೆ ಹೊತ್ತುಕೊಂಡು ಬಂದವಳೆಂದು ಹೆಸರಾದ ಅತ್ತೆ ಇನ್ನು ತನ್ನದೇ ಅಂಗಳದಲ್ಲಿ ಬೀಗದೊಳಗೆ ಇರಬೇಕು. ಆ ಬೀಗದ ಕೈ ರಾಧಾಮಣಿಯ ಸೊಂಟದಲ್ಲಿರುತ್ತದೆ. ಇವತ್ತು ಹೇಳಿಬಿಡಬೇಕು, ಎಂದುಕೊಂಡಳು ಅವಳು ಬಾಚಣಿಗೆಯಿಂದ ಕೂದಲು ಬಿಡಿಸುತ್ತಾ. ಕಾರು ಹತ್ತುವ ಮುಂಚೆಯೇ ಹೇಳಿಬಿಟ್ಟರೆ ಡಾಕ್ಟರ ಹತ್ತಿರ ಹೋಗುವುದೇ ಬೇಡ. ಆದರೆ ನಿನ್ನೆ ಬೆಳಿಗ್ಗೆಯೂ ಹೀಗೆಯೇ ಅಂದುಕೊಂಡಿದ್ದಳು. ಬಾಯಿ ತೆರೆದಾಗ ಬಂದ ಮಾತು, "ರೀ, ಚಟ್ನಿಗೆ ಕಾಯಿ ಇಲ್ಲ," ಎಂದಾಗಿತ್ತು.

ಟೀ ಇಡಲು ಅಡುಗೆಮನೆಗೆ ಹೋದಳು. ಗೂಡಿನಲ್ಲಿ ಗಿಳಿ ಡಬ್ಬಿ ಎಂದಿನಂತೆ ಕೂತಿತ್ತು. ಹಸಿರು ತಗಡಿನ ಡಬ್ಬಿ, ಅದರ ಮೇಲೆ ಒಂದೇ ಕೊಂಬೆಯಲ್ಲಿ ಮೂರು ಗಿಳಿಗಳು, ಮೂರನೆಯ ಗಿಳಿಯ ಕೊಕ್ಕು ತುಕ್ಕು ಹಿಡಿದು ಹೋಗಿದೆ. ಅತ್ತೆಗೆ ಮೂರು ಗಿಳಿ ಟೀ ಬಿಟ್ಟರೆ ಬೇರೆ ಟೀ ಕಷಾಯಕ್ಕೆ ಸಮ. ಹೀಗೇ ಅವಳಿಗೆ ತಲೆಗೆ ನೀಲವೇಣಿ ಎಣ್ಣೆ, ಮೈಗೆ ರತ್ನಮಾಲಾ ಸೋಪು, ಹಲ್ಲಿಗೆ ಗರುಡ ಹಲ್ಲುಪುಡಿ. ಓದು ಬರಹ ಇಲ್ಲದ ಅತ್ತೆ ಇವುಗಳನ್ನು ಚಿತ್ರ ನೋಡಿ ಗುರುತಿಸಿದವಳಲ್ಲ. ಕಣ್ಣು ಮುಚ್ಚಿ, ಮೂಗಿನಿಂದ, ನಾಲಿಗೆಯಿಂದ ಗುರುತಿಸಿದವಳು. ರಾಧಾಮಣಿಗೆ ಅತ್ತೆ ಮದುವೆಗೆ ಮುಂಚೆಯೂ ಅತ್ತೆಯೇ, ಅಪ್ಪನ ಅಕ್ಕ. ರಜೆಗೆ ಬಂದಾಗ ಬೆನ್ನು ತಿಕ್ಕಿ ನೀರು ಹಾಕುತ್ತಿದ್ದ ಆ ಕೈಯ ರತ್ನಮಾಲಾ ವಾಸನೆ ಅವಳಿಗೆ ಈಗಲೂ ನೆನಪಿದೆ. ಸೊಸೆಯಾಗಿ ಬಂದ ಮೊದಲ ವಾರ ಅದೇ ಅತ್ತೆ ಸಾರನ್ನು ಬೆರಳಲ್ಲಿ ಅದ್ದಿ ನಾಲಿಗೆಗಿಟ್ಟು, ಪಂಕ್ತಿಯಲ್ಲಿ ಕೂತವರೆಲ್ಲ ಕೇಳುವ ಹಾಗೆ, "ಉಪ್ಪು ಇವಳ ಅಂಗೈ ಬಿಟ್ಟು ಬರಾಕೆ ನಾಚ್ಕೊಂಡೈತೆ ಕಣ್ರಪ್ಪ, ಒಸಾ ಎಣ್ಣಲ್ವಾ," ಎಂದಿದ್ದಳು. ಎಲ್ಲರೂ ನಕ್ಕಿದ್ದರು. ರಾಧಾಮಣಿಯೂ ನಕ್ಕಿದ್ದಳು. ಆ ನಗು ಎಲ್ಲಿ ಇಳಿದು ಕೂತಿತೋ ಅಲ್ಲೇ ಇತ್ತು, ಇಷ್ಟು ವರ್ಷ.

ರಘುನಾಥ ಕಂಪ್ನಿಯ ಏಜೆನ್ಸಿ ಹಿಡಿದವನು. ಟಿ. ದಾಸರಹಳ್ಳಿಯಲ್ಲಿ ಗೋಡೌನು, ಎರಡು ಗೂಡ್ಸ್ ಆಟೋ. ಕಂಪ್ನಿ ಅಂದರೆ ಕುಮುದಿನಿ ಹೋಲ್ಡಿಂಗ್ಸ್. ಆ ಹೆಸರು ಯಾವ ಡಬ್ಬಿಯ ಮುಂದೆಯೂ ಇರುವುದಿಲ್ಲ. ಹಿಂದೆ, ಇರುವೆ ಸಾಲಿನಂಥ ಅಕ್ಷರದಲ್ಲಿ ಇರುತ್ತದೆ. ಮುಂದೆ ಇರುವುದೆಲ್ಲ ಬೇರೆ ಬೇರೆ ಹೆಸರು, ಬೇರೆ ಬೇರೆ ಬಣ್ಣ. ಮೂಲೆ ಹರಿದ ಪ್ಯಾಕೆಟ್ಟು, ಒಂದು ಕೊಂಡರೆ ಒಂದು ಫ್ರೀ ಎಂದು ಉಳಿದುಹೋದದ್ದು, ಡೇಟು ಹತ್ತಿರ ಬಂದದ್ದು, ಎಲ್ಲ ಮನೆಗೆ ಬರುತ್ತಿತ್ತು. ಎರಡು ಮಳೆಗಾಲದ ಹಿಂದೆ ಗಿಳಿ ಟೀ ಬರುವುದು ನಿಂತಿತು. "ಗಿಳಿ ಈ ಏರಿಯಾಗೆ ಕಳಿಸಲ್ವಂತೆ, ಓಡಲ್ಲ ಅದು. ಜೋಶ್ ಹಾಕು," ಎಂದು ರಘುನಾಥ ಜೋಶ್ ಟೀಯ ಒಂದು ಕಟ್ಟನ್ನು ಇಳಿಸಿದ. ರಾಧಾಮಣಿ ಪ್ಯಾಕೆಟ್ಟು ಕತ್ತರಿಸಿ ಗಿಳಿ ಡಬ್ಬಿಗೆ ಸುರಿದಳು. ಅದರಲ್ಲಿ ಮೋಸವೇನಿತ್ತು? ಬಿಸ್ಕತ್ತಿನ ಡಬ್ಬಿಯಲ್ಲಿ ಸೂಜಿದಾರ, ಹಾರ್ಲಿಕ್ಸ್ ಸೀಸೆಯಲ್ಲಿ ಉಪ್ಪಿನಕಾಯಿ, ಯಾರ ಮನೆಯಲ್ಲಿ ಇಲ್ಲ? ಡಬ್ಬಿ ಇರುವುದೇ ತುಂಬುವುದಕ್ಕೆ. ಮೋಸವಾದದ್ದು ಆಮೇಲೆ. ಅತ್ತೆ ಒಂದು ಗುಟುಕು ಹೀರಿ ಲೋಟ ಕೆಳಗಿಟ್ಟು, "ಇದು ನಮ್ ಗಿಳಿ ಅಲ್ವಲ್ಲಮ್ಮಿ," ಎಂದಾಗ ರಾಧಾಮಣಿ ಒಗ್ಗರಣೆಯ ಕಡೆ ಮುಖ ಮಾಡಿಕೊಂಡೇ, "ಅದೇ ಅತ್ತೆ," ಎಂದಳು.

ಆ ಎರಡು ಮಾತು ಎಷ್ಟು ಸಲೀಸಾಗಿ ಬಂದಿತ್ತು! ಗಂಡ ಪಕ್ಕದಲ್ಲೇ ಕೂತಿದ್ದ. "ಒಂದೇ ಕಂಪ್ನಿ ಕಣವ್ವ, ಎಲ್ಲಾ ಒಂದೇ ತಾಯಿ ಮಕ್ಳು," ಎಂದು ನಕ್ಕ. ಅತ್ತೆ ಡಬ್ಬಿ ತರಿಸಿ ನೋಡಿದಳು. ಮೂರು ಗಿಳಿ ಇದ್ದವು. ಮತ್ತೆ ಹೀರಿದಳು. "ಡಬ್ಬಿ ನಮ್ದೇ," ಎಂದಳು. ಅವಳ ಹುಬ್ಬಿನ ನಡುವೆ ಒಂದು ಗೆರೆ ಮೂಡಿತು. ಯಾವತ್ತೂ ಯಾರ ಮುಂದೆಯೂ ತಪ್ಪೊಪ್ಪದ ಮುಖದಲ್ಲಿ ಮೊದಲ ಸಲ ಕಂಡ ಅನುಮಾನ ಅದು. ಟೀ ಮೇಲಿನದಲ್ಲ, ತನ್ನ ಮೇಲಿನದು. ಆಗ ರಾಧಾಮಣಿಯ ಹೊಟ್ಟೆಯೊಳಗೆ ಬೆಲ್ಲದ ಚೂರೊಂದು ಕರಗಿದ ಹಾಗೆ ಆದದ್ದು ಸುಳ್ಳಲ್ಲ. ಅದನ್ನು ಅವಳು ಯಾರಿಗೂ ಹೇಳಲಾರಳು. ಟೀ ಬದಲಾಯಿಸಿದ್ದನ್ನು ಹೇಳಬಹುದು, ಆಮೇಲೆ ಬೇರೆ ಸೋಪು ತಂದು ಅದರ ಮೇಲಿನ ಅಚ್ಚು ಸವೆಯುವವರೆಗೆ ತಾನು ಉಜ್ಜಿ ಆಮೇಲೆ ಅತ್ತೆಯ ಸೋಪುಪೆಟ್ಟಿಗೆಗೆ ಇಟ್ಟದ್ದನ್ನು ಹೇಳಬಹುದು, ನೀಲವೇಣಿ ಸೀಸೆಗೆ ಬೇರೆ ಎಣ್ಣೆ ಬಗ್ಗಿಸಿದ್ದನ್ನೂ ಹೇಳಬಹುದು. ಆ ಬೆಲ್ಲದ ಚೂರನ್ನು ಹೇಳುವುದು ಹೇಗೆ?

ಆಮೇಲೊಮ್ಮೆ ಕಂಪ್ನಿಯವರು ಯಶವಂತಪುರದ ಹೋಟೆಲಿನಲ್ಲಿ ಏಜೆಂಟರನ್ನೆಲ್ಲ ಹೆಂಡತಿಯರ ಸಮೇತ ಊಟಕ್ಕೆ ಕರೆದಿದ್ದರು. ದೊಡ್ಡ ಪರದೆಯ ಮೇಲೆ ಒಂದು ಆಲದ ಮರ. ಟೈ ಕಟ್ಟಿದವನೊಬ್ಬ ಗುಂಡಿ ಒತ್ತಿದಂತೆ ಎಲೆ ಎಲೆಗೂ ಒಂದೊಂದು ಹೆಸರು ಹೊಳೆಯುತ್ತಿತ್ತು. ರಾಧಾಮಣಿ ಜಾಮೂನಿನ ಕಪ್ಪು ಹಿಡಿದುಕೊಂಡು ನೋಡುತ್ತಾ ಕೂತಳು. ಬೆಳಿಗ್ಗೆ ಉಜ್ಜಿದ ಹಲ್ಲುಪುಡಿ ಅಲ್ಲಿತ್ತು, ದೇವರ ಮುಂದೆ ಹಚ್ಚಿದ ಊದುಬತ್ತಿ ಅಲ್ಲಿತ್ತು, ಕಕ್ಕಸು ತೊಳೆಯುವ ನೀಲಿ ನೀರೂ ಅದೇ ಕೊಂಬೆಯಲ್ಲಿತ್ತು, ರವೆ ಇಡ್ಲಿಯ ಪುಡಿ, ಸೊಳ್ಳೆಬತ್ತಿ, ಅವಳು ಯಾರಿಗೂ ಕಾಣದ ಹಾಗೆ ಬೀರುವಿನ ಹಿಂದೆ ಇಡುವ ಪ್ಯಾಕೆಟ್ಟು ಕೂಡ. ತನ್ನ ಇಡೀ ಮನೆಯನ್ನು, ಬಚ್ಚಲಿನಿಂದ ದೇವರ ಕೋಣೆಯವರೆಗೆ, ಯಾರೋ ಹೊರಗೆ ಎಳೆದು ನೇತು ಹಾಕಿದ ಹಾಗೆ ಕಂಡು ಅವಳು ಸೆರಗು ಹೊದ್ದುಕೊಂಡಳು. ಎದುರುಮನೆ ಮುನಿವೆಂಕಟಮ್ಮನ ಸೋಪೂ ಅಲ್ಲಿತ್ತು. ಬೋರ್‌ವೆಲ್ಲಿನ ನಲ್ಲಿಯ ಹತ್ತಿರ ಅತ್ತೆಗೂ ಮುನಿವೆಂಕಟಮ್ಮನಿಗೂ ಸೋಪಿನ ಮೇಲೆ ಎಷ್ಟು ವರ್ಷ ಜಗಳ! "ನಿನ್ ಸೋಪು ಎಮ್ಮೆ ತೊಳೆಯಾಕೆ ಸರಿ." "ನಿಂದು ಎಣ ತೊಳೆಯಾಕೆ ಸರಿ ಓಗೇ." ಇಬ್ಬರ ಕಾಸೂ ಒಂದೇ ಗಲ್ಲಾಪೆಟ್ಟಿಗೆಗೆ ಬೀಳುತ್ತಿತ್ತು. ನಗು ಬಂತು. ನಗುವಿನ ಜೊತೆಗೆ ಒಂದು ಹಗುರವೂ ಬಂತು. ಎಲ್ಲ ಒಂದೇ ಮರದ ಎಲೆಯಾದರೆ, 'ಅದೇ ಅತ್ತೆ' ಎಂದದ್ದು ಸುಳ್ಳು ಹೇಗಾಗುತ್ತದೆ? ಮರವನ್ನೆಲ್ಲ ಹುಡುಕಿ ಗಂಡನನ್ನು ಕೇಳಿದ್ದಳು, "ರೀ, ಗಿಳಿ ಎಲ್ಲಿ?" "ಉದುರೋಯ್ತು ಕಣೇ," ಎಂದ ಅವನು, ಬಿರಿಯಾನಿಯ ಕಡೆ ಎದ್ದು ಹೋಗುತ್ತಾ.

ಉದುರಿದ ಗಿಳಿ ಆರ್.ಟಿ. ನಗರದಲ್ಲಿ ಸಿಕ್ಕಿತ್ತು. ನಾಮಕರಣವೊಂದಕ್ಕೆ ಹೋದವಳು ಮೂಲೆಯ ಅಂಗಡಿಯಲ್ಲಿ ಹೂವಿಗೆಂದು ನಿಂತಾಗ ಹಿಂದಿನ ಹಲಗೆಯ ಮೇಲೆ ಹಸಿರು ಪ್ಯಾಕೆಟ್ಟುಗಳು ಧೂಳು ಹಿಡಿದು ಕೂತಿದ್ದವು. ತೆಗೆಸಿ ಕೈಯಲ್ಲಿ ಹಿಡಿದಳು, ಮೂಸಿದಳು. ಪ್ಯಾಕೆಟ್ಟಿನ ಹೊರಗಿನಿಂದಲೇ ಆ ವಾಸನೆ, ಸ್ವಲ್ಪ ಒದ್ದೆ ಹುಲ್ಲು, ಸ್ವಲ್ಪ ಹೊಗೆ. ತನಗೇ ಗೊತ್ತಾಯಿತು. ತನ್ನಂಥ ಮೊಂಡು ಮೂಗಿಗೇ ಗೊತ್ತಾಯಿತು! ಒಯ್ದು ಕೊಟ್ಟರೆ ಅತ್ತೆ ಒಂದೇ ಗುಟುಕಿಗೆ, "ಅಂಗಾದ್ರೆ ಇಷ್ಟು ದಿನ ಕುಡಿದಿದ್ದು ಯಾವುದು?" ಎನ್ನುತ್ತಾಳೆ. ಇದು ಮನೆಗೆ ಬಂದರೆ ಎರಡು ಟೀ ಇದ್ದದ್ದು ನಿಜವಾಗುತ್ತದೆ. ರಾಧಾಮಣಿ ಪ್ಯಾಕೆಟ್ಟನ್ನು ವಾಪಸ್ ಕೊಟ್ಟು, "ಬೇಡಪ್ಪ, ಹಳೇದು," ಎಂದು ಹೂವನ್ನಷ್ಟೇ ತಂದಳು. ಆಮೇಲೆ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ತನ್ನ ಬೆರಳನ್ನು ಮೂಸಿಕೊಳ್ಳುತ್ತಾ ಬಂದಿದ್ದಳು.

ಹಾಲು ಉಕ್ಕಿ ಒಲೆಯ ಮೇಲೆ ಚೆಲ್ಲಿದ ಸದ್ದಿಗೆ ಬೆಚ್ಚಿದಳು. ರಾಧಾಮಣಿ ಕೊಟ್ಟ ಟೀಯನ್ನು ಅತ್ತೆ ಮೂಗರಳಿಸದೆ ಕುಡಿದಳು. ಲೋಟದಲ್ಲಿ ಕೊನೆಯ ಗುಟುಕೂ ಉಳಿಯಲಿಲ್ಲ.

ಗೇಟಿನ ಹತ್ತಿರ ಮುನಿವೆಂಕಟಮ್ಮ ನಿಂತಿದ್ದಳು, ಸೊಂಟದ ಮೇಲೆ ಕೈಯಿಟ್ಟುಕೊಂಡು. "ಏನೇ ಸೊಣ್ಣಿ, ಮೈಸೂರು ಮಾರಾಣಿ ಅಂಗೆ ಕಾರಲ್ಲಿ ಒಂಟ್ಬುಟ್ಟೆ! ಯಾವೂರಿಗೆ?"

"ನಂಗೆ ಮರವು ಬಂದೈತಂತೆ, ತೋರಿಸ್ಕೊಂಡ್ ಬತ್ತೀವಿ," ಎಂದಳು ಸೊಣ್ಣಮ್ಮ, ನೆಂಟರ ಮನೆಯ ಸುದ್ದಿ ಹೇಳುವಂತೆ.

"ನಿಂಗಾ ಮರವು? ನಾನು ನಮ್ ಅತ್ತೆ ಸತ್ತಾಗ ಇಸ್ಕೊಂಡ ಸೇರು ಕಡ್ಲೆಬೀಜ ಇನ್ನೂ ಕೇಳ್ತೀಯಲ್ಲೇ ನೀನು!"

"ಕೊಟ್ಟುಬುಟ್ಟಿದ್ಯೇನೋ ಕಣೇ," ಎಂದಳು ಸೊಣ್ಣಮ್ಮ. "ನಂಗೇ ಜ್ಞಾಪಕ ಇಲ್ಲವೇನೋ."

ಮುನಿವೆಂಕಟಮ್ಮನ ಕೈ ಸೊಂಟದಿಂದ ಜಾರಿತು. ಜಗಳಕ್ಕೆ ಒಂದು ಮಾತು ಎಸೆದವಳಿಗೆ ವಾಪಸ್ ಏನೂ ಬಾರದಿದ್ದಾಗ ಆಗುವ ಹಾಗೆ ಅವಳು ಬರಿದಾಗಿ ನಿಂತಳು. ಆಮೇಲೆ ರಾಧಾಮಣಿಯ ಕಡೆ ತಿರುಗಿ, ದನಿ ತಗ್ಗಿಸಿ, "ಉಸಾರಾಗಿ ನೋಡ್ಕೊಳ್ಳವ್ವ. ನಿನ್ನಂಥ ಸೊಸೆ ಸಿಕ್ಕಿದ್ದು ಅವಳ ಪುಣ್ಯ," ಎಂದಳು. ರಾಧಾಮಣಿ ಸೀರೆಯ ನೆರಿಗೆ ಸರಿಮಾಡಿಕೊಳ್ಳುವವಳಂತೆ ತಲೆ ತಗ್ಗಿಸಿದಳು.

ಕಾರು ವಿದ್ಯಾರಣ್ಯಪುರ ದಾಟಿ ತಿಂಡ್ಲಿಗೆ ಬಂತು. ಮೇಲೆ ಏರ್‌ಫೋರ್ಸಿನ ವಿಮಾನವೊಂದು ಆಕಾಶವನ್ನು ಹರಿದುಕೊಂಡು ಹೋಯಿತು. ಹಿಂದಿನ ಸೀಟಿನಲ್ಲಿ ಅತ್ತೆಯ ಕೈ ರಾಧಾಮಣಿಯ ತೊಡೆಯ ಮೇಲೆ ಬಂದು ಕೂತಿತ್ತು. ಒಂದು ಕಾಲಕ್ಕೆ ಈ ಕೈಗೆ ಏನು ಬೆಲೆ! ಸಿಂಗಾಪುರದಲ್ಲಿ ಯಾರ ಮದುವೆಯಾದರೂ ಅಡುಗೆಯವನು ಹುಳಿಯನ್ನು ಇಳಿಸುವ ಮುಂಚೆ ಸೌಟಿನಲ್ಲಿ ತಂದು ಸೊಣ್ಣಮ್ಮನ ಅಂಗೈಗೆ ಒಂದು ತೊಟ್ಟು ಬಿಡಬೇಕಿತ್ತು. ಅವಳು ನೆಕ್ಕಿ, ಕಣ್ಣು ಮುಚ್ಚಿ, "ಇಳ್ಸು," ಎಂದರೆ ಇಳಿಯಿತು. "ಇನ್ನೊಂದು ಕುದಿ," ಎಂದರೆ ಬೀಗರು ಎಲೆಯ ಮುಂದೆ ಕೂತಿದ್ದರೂ ಇನ್ನೊಂದು ಕುದಿಯೇ. ಲೇಔಟು ಬಂದು, ಹೊಲಗಳು ಸೈಟಾಗಿ, ಮದುವೆಗಳು ಛತ್ರಕ್ಕೆ ಹೋದ ಮೇಲೂ ಹಳೇ ಬೀದಿಯವರು ದೇವರ ಕಾರ್ಯಕ್ಕೆ ಅವಳನ್ನು ಕರೆಯುವುದು ಬಿಟ್ಟಿರಲಿಲ್ಲ. ಹೋದ ತಿಂಗಳು ಮುನೇಶ್ವರನ ಪೂಜೆಯಲ್ಲಿ ಅಡುಗೆಯವನು ಸೌಟು ಹಿಡಿದು ಬಂದ. ಸೊಣ್ಣಮ್ಮ ಅಂಗೈ ಚಾಚಿದಳು, ತೊಟ್ಟು ಬಿತ್ತು, ನೆಕ್ಕಿದಳು. ಬೀದಿಯ ಹೆಂಗಸರೆಲ್ಲ ಅವಳ ಬಾಯಿ ನೋಡುತ್ತಾ ನಿಂತರು. ಅವಳು ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿ, ಕೊನೆಗೆ ಗುಂಪಿನ ಹಿಂದೆ ಇದ್ದ ರಾಧಾಮಣಿಯನ್ನು ಹುಡುಕಿ, "ನಮ್ ರಾದನ್ನ ಕೇಳಪ್ಪ. ನನ್ ನಾಲ್ಗೆ ಈಗ ಸುಳ್ಳು ಏಳ್ತೈತೆ," ಎಂದಿದ್ದಳು. ಅಡುಗೆಯವನು ಸೌಟನ್ನು ರಾಧಾಮಣಿಯ ಕಡೆಗೆ ತಂದ. ಬೇಡವೆನ್ನಲು ಆಗದೆ ಅವಳು ಅಂಗೈ ಚಾಚಿದಳು. ಉಪ್ಪು ಕಡಿಮೆಯಿತ್ತು. "ಸರಿ ಇದೆ," ಎಂದಳು.

"ರೀ," ಎಂದಳು ಕೊಡಿಗೇಹಳ್ಳಿ ಗೇಟಿನ ಹತ್ತಿರ ಕಾರು ನಿಂತಾಗ. "ಡಾಕ್ಟರಿಗೆ ಆ ಟೀ ವಿಷಯ ಎಲ್ಲಾ ಹೇಳ್ಬೇಡಿ."

"ಅದನ್ನೇ ಅಲ್ವೇನೇ ಹೇಳ್ಬೇಕಾಗಿರೋದು? ಯಾರೋ ನನ್ ಸಾಮಾನು ಬದಲಾಯಿಸ್ತಾರೆ ಅಂತ ಅನುಮಾನ ಪಡೋದೇ ಈ ಕಾಯಿಲೆ ಶುರು ಅಂತೆ. ಮೊಬೈಲಲ್ಲಿ ಓದ್ದೆ."

"ಬದಲಾಯಿಸಿದ್ದು ನಿಜ ತಾನೆ?"

ರಘುನಾಥ ಕನ್ನಡಿಯಲ್ಲಿ ಅವಳನ್ನು ನೋಡಿದ. ಕೆಟ್ಟವನಲ್ಲ ಅವನು, ಅವ್ವನಿಗೆ ಜ್ವರ ಬಂದರೆ ಗೋಡೌನಿಗೆ ಬೀಗ ಹಾಕಿ ಬರುವವನು. "ಏನ್ ಬದಲಾಯಿಸಿದ್ವಿ? ಅದೇ ಗೋಡೌನು, ಅದೇ ಕಂಪ್ನಿ, ಒಂದೇ ಕಡೆ ಪ್ಯಾಕಿಂಗು. ಮೇಲಿನ ಕವರ್ ಬೇರೆ ಅಷ್ಟೇ. ನೀನೂ ಅವ್ವನ ಹಂಗೆ ಮಾತಾಡ್ಬೇಡ ಮಾರಾಯ್ತಿ." ಹಿಂದಿನವರು ಹಾರನ್ ಹೊಡೆದರು. ಅತ್ತೆ ಹೊರಗಡೆ ನೋಡುತ್ತಿದ್ದಳು. ಈ ಮಾತು ಅವಳ ಕಿವಿಗೆ ಬಿದ್ದಿತ್ತು, ಬೀಳದಿರಲು ಸಾಧ್ಯವೇ ಇರಲಿಲ್ಲ. ಆದರೆ ಅದು ತನಗೆ ಸಂಬಂಧಿಸಿದ್ದಲ್ಲ ಎಂಬಂತೆ, ದೊಡ್ಡವರ ಮಾತಿನ ನಡುವೆ ಕೂತ ಮಗುವಿನಂತೆ, ಫ್ಲೈಓವರಿನ ಕಂಬಗಳನ್ನು ಒಂದೊಂದಾಗಿ ನೋಡುತ್ತಿದ್ದಳು.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ಮಹತಿ ಎಂದು ಹೆಸರು. ಎದ್ದು ನಿಂತು ಸೊಣ್ಣಮ್ಮನನ್ನು ಕೈ ಹಿಡಿದು ಕೂರಿಸಿಕೊಂಡಳು. ರಘುನಾಥ ಮುಂದಕ್ಕೆ ಬಾಗಿ ಎಲ್ಲವನ್ನೂ ಹೇಳಿದ. ಟೀ ನಮ್ಮದಲ್ಲ ಅನ್ನುವುದು, ಸೋಪು ಯಾರದ್ದೋ ಅನ್ನುವುದು, ಎಣ್ಣೆಗೆ ಹೆಣದ ವಾಸನೆ ಅನ್ನುವುದು, ಮನೆಗೆ ಯಾರೋ ಬಂದು ಡಬ್ಬಿಯೊಳಗಿನದನ್ನು ತೆಗೆದು ಬೇರೆ ಇಟ್ಟು ಹೋಗುತ್ತಾರೆ ಎಂದು ಒಂದು ದಿನ ಅತ್ತದ್ದು. ಅತ್ತದ್ದು ರಾಧಾಮಣಿಗೆ ಗೊತ್ತಿರಲಿಲ್ಲ. "ಯಾವಾಗ ಅತ್ರು?" ಎಂದು ಕೇಳಿದಳು. "ನೀನು ಆರ್.ಟಿ. ನಗರಕ್ಕೆ ಹೋಗಿದ್ಯಲ್ಲ, ಆವತ್ತು," ಎಂದ ಅವನು. ಡಾಕ್ಟರ ಬೆರಳು ಕಂಪ್ಯೂಟರಿನ ಮೇಲೆ ಟಕಟಕ ಓಡುತ್ತಿತ್ತು. "ಈಗೀಗ ಹೇಳ್ತಾರಾ?" "ಇಲ್ಲ ಮೇಡಂ. ಈಗ ಸುಮ್ನೆ ಇರ್ತಾರೆ. ಅದೇ ಭಯ ಆಗಿದ್ದು ನಮಗೆ."

ಡಾಕ್ಟರು ಕುರ್ಚಿಯನ್ನು ಸೊಣ್ಣಮ್ಮನ ಮುಂದಕ್ಕೆ ಎಳೆದುಕೊಂಡಳು. "ಅಜ್ಜಿ, ಇವತ್ತು ಯಾವ ವಾರ?"

ಬೆಳಿಗ್ಗೆ ಅತ್ತೆಯೇ, ಸೋಮವಾರ ಕಣವ್ವ ಎಂದು ಬಸವಣ್ಣನ ದೀಪಕ್ಕೆ ಎಣ್ಣೆ ಕಳಿಸಿದ್ದಳು. ತುಟಿ ಸೋ ಎನ್ನಲು ಗುಂಡಗಾದದ್ದನ್ನು ರಾಧಾಮಣಿ ಕಂಡಳು. ಆಮೇಲೆ ಆ ತುಟಿ ಹಾಗೆಯೇ ನಿಂತು, ಕಣ್ಣು ಸೊಸೆಯ ಕಡೆ ತಿರುಗಿತು. "ಯಾವ ವಾರ ಏಳವ್ವ."

"ಅವರು ಹೇಳೋದು ಬೇಡ ಅಜ್ಜಿ, ನೀವೇ ಹೇಳಿ. ತಪ್ಪಾದ್ರೂ ಪರವಾಗಿಲ್ಲ."

"ನಾನು ಏಳಿದ್ರೆ ತಪ್ಪೇ ಆಗ್ತೈತೆ ತಾಯಿ."

ತಿಂಗಳು ಕೇಳಿದಳು, ಮನೆಯ ಬೀದಿ ಕೇಳಿದಳು, ಮೂರು ಪದಗಳನ್ನು ಹೇಳಿ ನೆನಪಿಟ್ಟುಕೊಳ್ಳಿ ಎಂದಳು. ಪ್ರತಿ ಸಲವೂ ಆ ತುಟಿ ಅಲುಗಿತು, ನಿಂತಿತು, ಕಣ್ಣು ರಾಧಾಮಣಿಯ ಕಡೆ ಬಂತು. ಕೊನೆಗೆ ಡಾಕ್ಟರು ಬೆರಳುದ್ದದ ಕಂದು ಸೀಸೆಯೊಂದರ ಮುಚ್ಚಳ ತೆಗೆದು, "ಇದರ ವಾಸನೆ ನೋಡಿ ಅಜ್ಜಿ, ಏನು ಅಂತ ಹೇಳಿ," ಎಂದು ಮೂಗಿನ ಹತ್ತಿರ ಹಿಡಿದಳು. ಸೊಣ್ಣಮ್ಮ ಉಸಿರೆಳೆದಳು. ಒಮ್ಮೆಲೇ ಅವಳ ರೆಪ್ಪೆ ಮುಚ್ಚಿತು. ಗಲ್ಲ ಮೇಲೆದ್ದಿತು, ಹುಬ್ಬಿನ ನಡುವಿನ ಗೆರೆ ಸಡಿಲಾಯಿತು. ಸೌಟಿನ ತೊಟ್ಟನ್ನು ನೆಕ್ಕಿ ಇಳ್ಸು ಎನ್ನುತ್ತಿದ್ದ ಆ ಮುಖ, ಎರಡು ವರ್ಷದಿಂದ ಮನೆಯಲ್ಲಿ ಕಾಣದ ಮುಖ, ಈ ಬಿಳಿ ಕೋಣೆಯಲ್ಲಿ ಒಂದು ಗಳಿಗೆ ಬಂದು ನಿಂತಿತು. ರಾಧಾಮಣಿಗೂ ವಾಸನೆ ತಲುಪಿತ್ತು, ಲವಂಗ. ಹೇಳಿ ಅತ್ತೆ, ಹೇಳಿಬಿಡಿ, ಎಂದು ಅವಳು ಹಲ್ಲು ಕಚ್ಚಿಕೊಂಡಳು. ಅತ್ತೆ ಕಣ್ಣು ತೆರೆದಳು. ಸೀಸೆಯ ಮೇಲೆ ಅಂಟಿಸಿದ್ದ ಚೀಟಿಯನ್ನು, ತನಗೆ ಓದಲು ಬಾರದ ಚೀಟಿಯನ್ನು, ಬಹಳ ಹೊತ್ತು ನೋಡಿದಳು. ಮುಖ ಆರಿಹೋಯಿತು.

"ಒಳಗಿರೋದು ಏನೋ, ನಂಗೆ ಗೊತ್ತಾಗಾಕಿಲ್ಲ ತಾಯಿ. ಡಬ್ಬಿ ನೋಡಿ ರಾದಾ ಏಳ್ತಾಳೆ."

ಡಾಕ್ಟರ ಬೆರಳು ಮತ್ತೆ ಟಕಟಕ ಎಂದಿತು. ಆ ಸದ್ದು ನಿಲ್ಲುವುದರೊಳಗೆ ರಾಧಾಮಣಿ ಎದ್ದು ನಿಂತಿದ್ದಳು. ಯಾಕೆ ಎದ್ದೆನೆಂದು ಅವಳಿಗೇ ತಿಳಿಯಲಿಲ್ಲ. "ಬರೀಬೇಡಿ ಡಾಕ್ಟ್ರೇ. ಅತ್ತೆ ಹೇಳಿದ್ದು ಒಂದೂ ಸುಳ್ಳಲ್ಲ. ಡಬ್ಬಿ ಒಳಗಡೆದು ಬದಲಾಯಿಸಿದ್ದು ನಾನು. ಟೀ ಬೇರೇದು, ಸೋಪು ಬೇರೇದು, ಎಣ್ಣೆ ಬೇರೇದು. ಹಳೇ ಡಬ್ಬಿಗೆ ತುಂಬಿ ಇಟ್ಟೆ. ಅವರು ಕೇಳ್ದಾಗೆಲ್ಲ ಅದೇ ಅಂತ ಹೇಳ್ದೆ. ಅವರ ನಾಲಿಗೆ ಸರಿಯಾಗೇ ಇದೆ. ಕೆಟ್ಟಿರೋದು..." ಬೆಲ್ಲದ ಚೂರು ಗಂಟಲಲ್ಲಿ ಬಂದು ನಿಂತಿತ್ತು. ಅದನ್ನೂ ಉಗುಳಬೇಕು ಎಂದುಕೊಂಡಳು. ಬರಲಿಲ್ಲ.

ರಘುನಾಥನ ಮುಖ ಕಪ್ಪಿಟ್ಟಿತು, ಆಮೇಲೆ ಅಂಗಡಿಯವರ ಮುಂದೆ ನಗುವ ನಗು ನಕ್ಕ. "ಅಯ್ಯೋ ಮೇಡಂ, ಅಂಥದ್ದೇನಿಲ್ಲ. ಎಲ್ಲಾ ಒಂದೇ ಕಂಪ್ನಿ ಮಾಲು. ನಾವು ಏಜೆನ್ಸಿಯವ್ರು."

ಡಾಕ್ಟರು ನಗಲಿಲ್ಲ. ಕಂಪ್ಯೂಟರನ್ನು ಬಿಟ್ಟು ರಾಧಾಮಣಿಯನ್ನೇ ನೋಡಿದಳು, ಎಷ್ಟು ದಿನದಿಂದ ಎಂದು ಕೇಳಿದಳು, ಕೂರಿ ಎಂದಳು. ಆಮೇಲೆ ಸೊಣ್ಣಮ್ಮನ ಕಡೆ ತಿರುಗಿ, ನಿಧಾನವಾಗಿ, "ಅಜ್ಜಿ, ನಿಮ್ಮ ಸೊಸೆ ಹೇಳಿದ್ದು ಕೇಳಿಸ್ತಾ? ನೀವು ಹೇಳ್ತಿದ್ದದ್ದೇ ಸರಿಯಂತೆ," ಎಂದಳು.

ಸೊಣ್ಣಮ್ಮ ರಾಧಾಮಣಿಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅವಳ ಕಣ್ಣು ಒದ್ದೆಯಾಗಿತ್ತು, ತುಟಿಯ ಮೇಲೆ ಹೆಮ್ಮೆಯಂಥದ್ದು ಇತ್ತು.

"ಕೇಳುಸ್ತು ತಾಯಿ. ಇವಳ ಮಾತು ನಂಬಬ್ಯಾಡ. ನನ್ ತಮ್ಮನ ಮಗಳು ಇವಳು, ನಾನೇ ನೀರು ಆಕಿ ಬೆಳೆಸಿದ್ದು. ನಂಗೆ ಮರುಳು ಅಂದ್ರೆ ಬೀದಿಯೋರು ನಗ್ತಾರೆ ಅಂತ ತನ್ನ ತಲೆ ಮ್ಯಾಲೆ ಆಕ್ಕೊಂತಾವ್ಳೆ. ನನ್ ಮುಖ ನೋಡ್ಕೊಂಡು ವರ್ಸಾನುಗಟ್ಲೆ ಸುಳ್ಳು ಏಳೋ ಎಣ್ಣಾ ಇದು? ನೀನೇ ಏಳು."

"ಅತ್ತೆ, ನಿಜವಾಗ್ಲೂ. ದೇವರಾಣೆ. ನಾನೇ ತುಂಬಿದ್ದು. ನೀವು ಇದು ಗಿಳಿ ಅಲ್ಲ ಅಂದಾಗ, ಗಿಳಿ ಆಗಿರ್ಲಿಲ್ಲ ಅದು."

"ಆಯ್ತು ಕಣವ್ವ," ಎಂದಳು ಸೊಣ್ಣಮ್ಮ, ಅವಳ ಕೈ ತಟ್ಟುತ್ತಾ. "ಆಯ್ತು. ಅಂಗೇ ಇರ್ಲಿ." ಒಗ್ಗರಣೆಯ ಕಡೆ ಮುಖ ಮಾಡಿಕೊಂಡು ರಾಧಾಮಣಿ ಎಷ್ಟೋ ಸಲ ಆಡಿದ್ದ ದನಿ ಅದು, ಬುದ್ಧಿ ತಪ್ಪಿದವರನ್ನು ಸಮಾಧಾನ ಮಾಡುವ ದನಿ. ಅತ್ತೆ ಅದನ್ನು ಅವಳಿಂದಲೇ ಕಲಿತಿದ್ದಳು.

ಡಾಕ್ಟರು ಕಂದು ಸೀಸೆಯ ಮುಚ್ಚಳ ಹಾಕಿ ರಾಧಾಮಣಿಯ ಕಡೆ ತಿರುಗಿದಳು. ನೀವು ಹೇಳಿದ್ದನ್ನೂ ಬರೆದುಕೊಂಡಿದ್ದೇನೆ, ಎಂದಳು. ಆದರೆ ಅವರು ಒಂದಕ್ಕೂ ತಾವಾಗಿ ಉತ್ತರ ಕೊಡಲಿಲ್ಲ. ಕಾರಣ ಏನೇ ಇದ್ದರೂ ಈಗಿರುವ ಸ್ಥಿತಿಯಲ್ಲಿ ಒಬ್ಬರನ್ನೇ ಬಿಡುವುದು ಬೇಡ. ಒಂದು ಸ್ಕ್ಯಾನ್ ಆಗಲಿ, ಮುಂದಿನ ಸಲ ಮತ್ತೆ ಮಾತಾಡಿಸೋಣ. ಅಲ್ಲಿಯವರೆಗೆ ಒಲೆಯ ಹತ್ತಿರ ಜಾಗ್ರತೆ, ಗೇಟಿನ ಹತ್ತಿರ ಜಾಗ್ರತೆ. ರಘುನಾಥ ಎಲ್ಲದಕ್ಕೂ ತಲೆ ಆಡಿಸಿದ. 'ಹಳೇದನ್ನ ಹುಡುಕಿ ತಂದ್ಕೊಟ್ರೆ?' ಎಂದು ರಾಧಾಮಣಿ ಕೇಳಿದ್ದು ಅವಳಿಗೇ ಕೇಳಿಸಲಿಲ್ಲ, ಆದ್ದರಿಂದ ಇನ್ನೊಂದು ಸಲ ಕೇಳಿದಳು. "ತಂದ್ಕೊಡಿ," ಎಂದಳು ಡಾಕ್ಟರು. "ಆದ್ರೆ ಅದು ಅದೇ ಅಂತ ಅವರಿಗೆ ಈಗ ಯಾರು ಹೇಳ್ತಾರೆ?"

ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಸರ್ವಿಸ್ ರೋಡಿನ ಮೇಲೆ ಬಸ್ಸುಗಳು ಒಂದರ ಹಿಂದೆ ಒಂದು ಒರಗಿಕೊಂಡು ನಿಂತಿದ್ದವು. ರಘುನಾಥ ಕಾರಿನ ಬಾಗಿಲು ತೆಗೆದು ನಿಂತ, ಹೆಂಡತಿಯ ಮುಖ ನೋಡದೆ, "ನಾಳೆಯಿಂದ ಆ ಹೆಂಗಸನ್ನ ಬರೋಕೆ ಹೇಳ್ತೀನಿ," ಎಂದ. ಬಗ್ಗಿ, ಅವ್ವನ ಸೆರಗನ್ನು ಬಾಗಿಲಿಗೆ ಸಿಗದ ಹಾಗೆ ಒಳಗೆ ಎತ್ತಿಟ್ಟು ಕೇಳಿದ:

"ಅವ್ವ, ಹೊತ್ತಾಯ್ತು. ಏನಾದ್ರೂ ತಿಂತೀಯಾ? ಹಸಿವಾಗಿದ್ಯಾ?"

ಸೊಣ್ಣಮ್ಮ ಸ್ವಲ್ಪ ಹೊತ್ತು ತನ್ನ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂತಳು. ಒಳಗಿನಿಂದ ಏನೋ ಸದ್ದು ಬರುತ್ತದೆಯೇನೋ ಎಂದು ಆಲಿಸುವವಳ ಹಾಗಿತ್ತು. ಆಮೇಲೆ ಪಕ್ಕಕ್ಕೆ ತಿರುಗಿದಳು.

"ರಾದಾ, ನಂಗೆ ಅಸಿವಾಗೈತಾ?"

ರಾಧಾಮಣಿ ಆ ಮುಖವನ್ನು ನೋಡಿದಳು. ನಂಬಿಕೆಯಿಂದ ತೆರೆದ ಮುಖ, ಯಾವ ಅನುಮಾನವೂ ಉಳಿಯದ ಮುಖ. ನೀವೇ ಹೇಳಿ ಅತ್ತೆ, ನಿಮಗೇ ಗೊತ್ತು, ಎನ್ನಬೇಕೆಂದು ಬಾಯಿ ತೆರೆದಳು. ಅತ್ತೆ ಕಾಯುತ್ತಿದ್ದಳು. ಬಾಗಿಲು ಹಿಡಿದುಕೊಂಡು ರಘುನಾಥನೂ ಕಾಯುತ್ತಿದ್ದ.

"ಹೂಂ ಅತ್ತೆ," ಎಂದಳು ರಾಧಾಮಣಿ. "ಹಸಿವಾಗಿದೆ."

"ಅಂಗಾದ್ರೆ ತಿಂತೀನಪ್ಪ," ಎಂದಳು ಸೊಣ್ಣಮ್ಮ ಮಗನಿಗೆ.